ಸವಳು ನೀರು, ಹಳೆಯ ಕಾರು: ಎರೆನಾಡಿನ ಮಿಸ್ತ್ರಿಗಳ ವಿದ್ಯೆ

ಗದಗ ಜಿಲ್ಲೆಯ ರೋಣ, ನರಗುಂದ ಮತ್ತು ಗಜೇಂದ್ರಗಡ ತಾಲ್ಲೂಕುಗಳು ಎರೆಮಣ್ಣಿಗೆ, ಹೆಸರು, ಕಡಲೆ, ಹತ್ತಿಯ ಬೆಳೆಗೆ, 1858 ಮತ್ತು 1980ರ ನರಗುಂದ ಬಂಡಾಯಗಳಿಗೆ ಹೆಸರಾಗಿರುವಷ್ಟು ತಮ್ಮ ರಸ್ತೆಬದಿಯ ಗ್ಯಾರೇಜುಗಳಿಗೆ ಹೆಸರಾಗಿಲ್ಲ. ಆದರೆ ಕಾರ್ಖಾನೆಯಲ್ಲಿ ಉತ್ಪಾದನೆಯೇ ನಿಂತುಹೋಗಿರುವ ಅಂಬಾಸಿಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800, ಓಮ್ನಿಗಳಂಥ ವಾಹನಗಳು ಸಣ್ಣ ಊರುಗಳಲ್ಲಿ ಇನ್ನೂ ಮದುವೆಗೆ, ಸಂತೆಗೆ, ಆಸ್ಪತ್ರೆಗೆ ಓಡಾಡುತ್ತಿದ್ದರೆ ಅದಕ್ಕೆ ಮುಖ್ಯ ಕಾರಣ ಇಂಥ ಗ್ಯಾರೇಜುಗಳೇ ಆಗಿದ್ದು, ಅಲ್ಲಿನ ಮಿಸ್ತ್ರಿಗಳ ವಿದ್ಯೆಯಲ್ಲಿ ಅತ್ಯಂತ ಸೂಕ್ಷ್ಮವಾದ ಭಾಗವೆಂದರೆ ಕಾದ ಎಂಜಿನ್ನಿನ ದೋಷವನ್ನು ಪತ್ತೆ ಹಚ್ಚುವುದು. ಬಿಚ್ಚಿ ಜೋಡಿಸುವುದನ್ನು ಕೈಪಳಗಿದ ಯಾರಾದರೂ ಮಾಡಬಲ್ಲರು. ಯಾವುದನ್ನು ಬಿಚ್ಚಬೇಕು, ಯಾವುದನ್ನು ಮುಟ್ಟಬಾರದು ಎಂದು ತೀರ್ಮಾನಿಸುವಲ್ಲಿಯೇ ಮಿಸ್ತ್ರಿಯ ಯೋಗ್ಯತೆ ಗೊತ್ತಾಗುತ್ತದೆ.

ಪೆಟ್ರೋಲ್ ಎಂಜಿನ್ನಿನಲ್ಲಿ ಉರಿದ ಇಂಧನದ ಶಾಖದ ಪೈಕಿ ಗಾಡಿಯನ್ನು ಓಡಿಸಲು ಒದಗುವುದು ಸುಮಾರು ಕಾಲುಭಾಗದಿಂದ ಮೂರನೆಯ ಒಂದು ಭಾಗ ಮಾತ್ರ. ಉಳಿದುದರಲ್ಲಿ ಒಂದು ದೊಡ್ಡ ಪಾಲು ಸೈಲೆನ್ಸರಿನ ಹೊಗೆಯೊಂದಿಗೆ ಹೊರಹೋದರೆ, ಹೆಚ್ಚುಕಡಿಮೆ ಅಷ್ಟೇ ಪಾಲನ್ನು ಸಿಲಿಂಡರುಗಳ ಸುತ್ತ ಹರಿಯುವ ನೀರು ಹೊತ್ತುಕೊಂಡು ಮುಂಭಾಗದ ರೇಡಿಯೇಟರಿಗೆ ತಂದು ಗಾಳಿಗೆ ಒಪ್ಪಿಸಬೇಕಾಗುತ್ತದೆ. ಈ ನೀರನ್ನು ತಿರುಗಿಸುವುದು ವಾಟರ್ ಪಂಪ್. ಗ್ಯಾರೇಜಿನ ಮಾತಿನಲ್ಲಿ ಅದು ವಾಟರ್ ಬಾಡಿ. ಸುಮಾರು 82 ಡಿಗ್ರಿ ಸೆಲ್ಸಿಯಸ್ ತಲುಪುವವರೆಗೆ ನೀರನ್ನು ರೇಡಿಯೇಟರಿಗೆ ಬಿಡದೆ ತಡೆದು ಎಂಜಿನ್ನನ್ನು ಬೇಗ ಬೆಚ್ಚಗಾಗಿಸುವ ಕವಾಟ ಥರ್ಮೋಸ್ಟಾಟ್. ರೇಡಿಯೇಟರಿನ ಮುಚ್ಚಳದಲ್ಲಿ ಒಂದು ಸ್ಪ್ರಿಂಗ್ ಇದ್ದು, ಅದು ಒಳಗಿನ ಒತ್ತಡವನ್ನು ಹಿಡಿದಿಡುತ್ತದೆ. ಚದರ ಸೆಂಟಿಮೀಟರಿಗೆ 0.9 ಕಿಲೋ ಒತ್ತಡದ ಮುಚ್ಚಳ ಬಿಗಿಯಾಗಿದ್ದರೆ ನೀರು 100 ಡಿಗ್ರಿಗೆ ಬದಲಾಗಿ 118 ಡಿಗ್ರಿಯ ಆಸುಪಾಸಿನಲ್ಲಿ ಕುದಿಯುತ್ತದೆ. ಮುಚ್ಚಳದ ರಬ್ಬರು ಒಣಗಿ ಬಿರಿದರೆ ಈ ಲಾಭ ಹೋಗುತ್ತದೆ, ಮತ್ತು ಎಂಜಿನ್ನಿನಲ್ಲಿ ಬೇರೆ ಯಾವ ದೋಷವೂ ಇಲ್ಲದೆ ನೀರು ಉಕ್ಕಿ ಹೊರಬೀಳುತ್ತದೆ. ಆದುದರಿಂದ ತಿಳಿದ ಮಿಸ್ತ್ರಿ ಮೊದಲು ನೋಡುವುದು, ಎಲ್ಲಕ್ಕಿಂತ ಅಗ್ಗವಾದ ಈ ಮುಚ್ಚಳವನ್ನೇ.

ಒಂದೇ ಕಾರು ಡಿಸೆಂಬರಿನಲ್ಲಿ ಸುಮ್ಮನಿದ್ದು ಏಪ್ರಿಲಿನಲ್ಲಿ ತಕರಾರು ತೆಗೆಯುವುದಕ್ಕೂ ಕಾರಣವುಂಟು. ರೇಡಿಯೇಟರಿನ ನೀರು 90 ಡಿಗ್ರಿ, ಹೊರಗಿನ ಗಾಳಿ 20 ಡಿಗ್ರಿ ಇದ್ದಾಗ ಎರಡರ ನಡುವೆ 70 ಡಿಗ್ರಿಯ ಅಂತರವಿದ್ದರೆ, ಗಾಳಿಯೇ 40 ಡಿಗ್ರಿಗೆ ಏರಿದ ಬೇಸಿಗೆಯ ಮಧ್ಯಾಹ್ನ ಆ ಅಂತರ 50ಕ್ಕೆ ಇಳಿಯುವುದರಿಂದ ರೇಡಿಯೇಟರಿನ ಸಾಮರ್ಥ್ಯವೂ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆ. ಚಳಿಗಾಲದಲ್ಲಿ ಅಡಗಿದ್ದ ದೋಷ ಆಗ ಹೊರಗೆ ಬರುತ್ತದೆ.

ಪಾನಾ ಕೈಗೆತ್ತಿಕೊಳ್ಳುವ ಮುಂಚೆ ಒಳ್ಳೆಯ ಮಿಸ್ತ್ರಿ ಕೇಳುವ ಪ್ರಶ್ನೆ ಒಂದೇ: “ನಿಂತಾಗ ಹೀಟ್ ಆಗತೈತೇನ್ರಿ, ಓಡುವಾಗ ಆಗತೈತೇನ್ರಿ?” ಈ ಪ್ರಶ್ನೆಯ ಹಿಂದೆ ಸ್ಪಷ್ಟವಾದ ತರ್ಕವಿದೆ. ಊರೊಳಗೆ ನಿಂತು ನಿಂತು ಹೋಗುವಾಗ ಕಾದು, ಹುಬ್ಬಳ್ಳಿ–ವಿಜಯಪುರ ಹೆದ್ದಾರಿಗೆ ಬಿದ್ದೊಡನೆ ತಣ್ಣಗಾಗುವ ಕಾರಿನಲ್ಲಿ ರೇಡಿಯೇಟರು ಸರಿಯಾಗಿದ್ದು ಫ್ಯಾನು ಕೆಟ್ಟಿರುವ ಸಂಭವವೇ ಹೆಚ್ಚು, ಏಕೆಂದರೆ ವೇಗದಲ್ಲಿ ನುಗ್ಗುವ ಗಾಳಿ ಫ್ಯಾನಿನ ಕೆಲಸವನ್ನು ತಾನೇ ಮಾಡಿಬಿಡುತ್ತದೆ. ಅಂಬಾಸಿಡರಿನಲ್ಲಿ ಫ್ಯಾನು ಬೆಲ್ಟಿನಿಂದ ತಿರುಗುವುದರಿಂದ ಬೆಲ್ಟನ್ನು ಹೆಬ್ಬೆರಳಿನಿಂದ ಒತ್ತಿ ಸಡಿಲವನ್ನು ಅಳೆದರೆ ಸಾಕು. ಮಾರುತಿ 800ರಲ್ಲಿ ಫ್ಯಾನು ಕರೆಂಟಿನದಾಗಿದ್ದು, ಬಿಸಿ ಏರಿದಾಗ ಅದನ್ನು ಚಾಲೂ ಮಾಡುವ ಸ್ವಿಚ್ಚು ಬೇರೆ ಇರುತ್ತದೆ. ಆ ಸ್ವಿಚ್ಚನ್ನು ಬದಿಗಿಟ್ಟು ವೈರನ್ನು ನೇರವಾಗಿ ಜೋಡಿಸಿದಾಗ ಫ್ಯಾನು ತಿರುಗಿದರೆ ಮೋಟರು ಚೆನ್ನಾಗಿದೆ, ಸ್ವಿಚ್ಚು ಸತ್ತಿದೆ ಎಂದರ್ಥ. ಇದಕ್ಕೆ ವಿರುದ್ಧವಾಗಿ ಊರಲ್ಲಿ ಸುಮ್ಮನಿದ್ದು ಹೆದ್ದಾರಿಯಲ್ಲಿ ಕಾಯುವ ಕಾರಿನಲ್ಲಿ ನೀರಿನ ಹರಿವಿಗೇ ಅಡ್ಡಿಯಿರುತ್ತದೆ. ಆಗ ಎಂಜಿನ್ನಿನ ವೇಗ ಏರಿಸಿ ರೇಡಿಯೇಟರಿನ ಕೆಳಗಿನ ರಬ್ಬರ್ ಹೋಸನ್ನು ಗಮನಿಸುತ್ತಾರೆ. ಮೆತ್ತಗಾದ ಹೋಸು ಪಂಪಿನ ಸೆಳೆತಕ್ಕೆ ಒಳಸರಿದು ಚಪ್ಪಟೆಯಾಗುವುದು ಕಣ್ಣಿಗೇ ಕಾಣುತ್ತದೆ, ಎಂಜಿನ್ ನಿಲ್ಲಿಸಿದೊಡನೆ ಮತ್ತೆ ಉಬ್ಬಿ ಮೊದಲಿನಂತಾಗುವುದರಿಂದ ನಿಂತ ಗಾಡಿಯಲ್ಲಿ ಹುಡುಕುವವರಿಗೆ ಅದು ಎಂದಿಗೂ ಸಿಗದು.

ಈ ಸೀಮೆಯಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಅನುಮಾನಿಸಬೇಕಾದದ್ದು ಮಾತ್ರ ನೀರನ್ನೇ. ಎರೆ ಪ್ರದೇಶದ ಅಂತರ್ಜಲ ಬಹಳ ಕಡೆ ಸವಳಾಗಿಯೂ ಗಡಸಾಗಿಯೂ ಇರುತ್ತದೆ. ಗಡಸು ನೀರಿನಲ್ಲಿ ಕರಗಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಶಾಖ ತಗುಲಿದಾಗ ಬೇರ್ಪಟ್ಟು ಬಚ್ಚಲ ಹಂಡೆಯ ಒಳಮೈಗೆ ಬಿಳಿಯ ಪದರವಾಗಿ ಕೂರುವಂತೆ ರೇಡಿಯೇಟರಿನ ನಳಿಕೆಗಳಲ್ಲಿಯೂ ಕೂರುತ್ತವೆ. ಆ ನಳಿಕೆಗಳ ಒಳಗಿನ ಅಗಲ ಕೆಲವೇ ಮಿಲಿಮೀಟರು. ಪದರವು ದಾರಿಯನ್ನು ಕಿರಿದುಗೊಳಿಸುವುದಲ್ಲದೆ, ತಾಮ್ರದ ಹಾಗೆ ಶಾಖವನ್ನು ಸಾಗಿಸದೆ ಅಡ್ಡಗಟ್ಟುತ್ತದೆ. ಸವಳಿನಲ್ಲಿರುವ ಕ್ಲೋರೈಡ್ ಮತ್ತೊಂದು ಬಗೆಯ ಹಾನಿ ಮಾಡುತ್ತದೆ: ಸಿಲಿಂಡರುಗಳ ಮೇಲೆ ಕೂರುವ ಅಲ್ಯೂಮಿನಿಯಂ ಹೆಡ್ಡಿನ ನೀರಿನ ದಾರಿಗಳನ್ನು ಅದು ಅಂಚಿನಿಂದ ಕೊರೆಯುತ್ತದೆ.

ರೇಡಿಯೇಟರು ಕಟ್ಟಿದೆಯೇ ಎಂಬುದನ್ನು ತಿಳಿಯಲು ಮಿಸ್ತ್ರಿಗಳು ಅನುಸರಿಸುವ ಕ್ರಮ ಸರಳವಾದುದು. ಎಂಜಿನ್ನನ್ನು ಬಿಸಿ ಮಾಡಿ, ನಿಲ್ಲಿಸಿ, ಫ್ಯಾನು ನಿಂತಿರುವುದನ್ನು ಖಚಿತಪಡಿಸಿಕೊಂಡ ಮೇಲೆ ರೇಡಿಯೇಟರಿನ ಮೈಮೇಲೆ ಅಂಗೈಯನ್ನು ಹತ್ತಿರ ಹಿಡಿದು ಒಂದು ತುದಿಯಿಂದ ಇನ್ನೊಂದು ತುದಿಗೆ ಸರಿಸುತ್ತಾರೆ; ನಡುವೆ ಎಲ್ಲಿಯಾದರೂ ತಣ್ಣನೆಯ ಪಟ್ಟಿ ಸಿಕ್ಕರೆ ಅಲ್ಲಿನ ನಳಿಕೆಗಳಲ್ಲಿ ನೀರು ಹರಿಯುತ್ತಿಲ್ಲ ಎಂದು ತಿಳಿಯಬೇಕು. ಹಳೆಯ ತಾಮ್ರ-ಹಿತ್ತಾಳೆಯ ರೇಡಿಯೇಟರಾದರೆ ಮೇಲಿನ ಟ್ಯಾಂಕಿನ ಬೆಸುಗೆಯನ್ನು ಕಾಯಿಸಿ ಬಿಡಿಸಿ, ಪ್ರತಿ ನಳಿಕೆಯೊಳಗೂ ತೆಳುವಾದ ಕಬ್ಬಿಣದ ಪಟ್ಟಿಯನ್ನು ಹಾಯಿಸಿ ಕಟ್ಟಿದ್ದನ್ನು ತೆಗೆದು ಮತ್ತೆ ಬೆಸೆಯುತ್ತಾರೆ. ಪ್ಲಾಸ್ಟಿಕ್ ಟ್ಯಾಂಕನ್ನು ಅಂಚು ಮಡಚಿ ಕಚ್ಚಿಸಿದ ಅಲ್ಯೂಮಿನಿಯಂ ರೇಡಿಯೇಟರುಗಳು ಈ ಉಪಚಾರಕ್ಕೆ ಒಗ್ಗುವುದಿಲ್ಲ, ಬದಲಾಯಿಸುವುದೇ ಲೇಸು. ಇನ್ನು ಹೊರಮೈಯ ವಿಚಾರ: ಎರೆ ಧೂಳು, ಹತ್ತಿಯ ಎಳೆ, ಹುಳುಹುಪ್ಪಟೆಗಳು ಸೇರಿ ರೇಡಿಯೇಟರಿನ ತೆಳು ರೆಕ್ಕೆಗಳ (ಫಿನ್) ಸಂದುಗಳಲ್ಲಿ ಮೆತ್ತಿದಾಗ, ಎಂಜಿನ್ನಿನ ಕಡೆಯಿಂದ ಮುಂದಕ್ಕೆ ಹದವಾದ ನೀರು ಬಿಟ್ಟು ತೊಳೆಯುವುದರಲ್ಲೇ ಎಷ್ಟೋ ಕಾರುಗಳ ಕಾಯಿಲೆ ಮುಗಿದುಹೋಗುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ನೀರು ಕಡಿಮೆಯಾಗುತ್ತಲೇ ಇದ್ದು ಹೊರಗೆ ಸೋರಿಕೆ ಕಾಣದಿದ್ದರೆ ಅನುಮಾನ ಹೆಡ್ ಪ್ಯಾಕಿಂಗಿನತ್ತ ತಿರುಗುತ್ತದೆ. ಸಿಲಿಂಡರುಗಳಿರುವ ಬ್ಲಾಕಿಗೂ ಅದರ ಮೇಲೆ ಕೂರುವ ಹೆಡ್ಡಿಗೂ ನಡುವೆ ಇರುವ ತೆಳುವಾದ ಹಾಳೆಗೆ ಈ ಹೆಸರು. ಪದ್ಮಿನಿಯಲ್ಲಿ ಎರಕದ ಕಬ್ಬಿಣದ ಬ್ಲಾಕಿನ ಮೇಲೆ ಅಲ್ಯೂಮಿನಿಯಂ ಹೆಡ್ಡು ಇದ್ದು, ಅಲ್ಯೂಮಿನಿಯಂ ಕಬ್ಬಿಣದ ಸುಮಾರು ಎರಡರಷ್ಟು ಹಿಗ್ಗುವುದರಿಂದ ಒಮ್ಮೆ ಅತಿಯಾಗಿ ಕಾದ ಹೆಡ್ಡು ಬಾಗಿ ಪ್ಯಾಕಿಂಗನ್ನು ಸುಡುತ್ತದೆ. ತಣ್ಣಗಿರುವ ಎಂಜಿನ್ನಿನ ರೇಡಿಯೇಟರ್ ಮುಚ್ಚಳ ತೆಗೆದು ಚಾಲೂ ಮಾಡಿದಾಗ ನೀರಿನಲ್ಲಿ ಬಿಡದೆ ಗುಳ್ಳೆ ಏಳುವುದು, ಡಿಪ್ ಸ್ಟಿಕ್ಕಿನ ಆಯಿಲ್ ನೀರು ಬೆರೆತು ಬಿಳಿಚಿಕೊಳ್ಳುವುದು, ಒಂದು ಸಿಲಿಂಡರಿನ ಪ್ಲಗ್ಗು ಮಾತ್ರ ಹಬೆಯಲ್ಲಿ ತೊಳೆದಷ್ಟು ಶುಭ್ರವಾಗಿರುವುದು ಇದರ ಕುರುಹುಗಳು. ಇವುಗಳಲ್ಲಿ ಎರಡಾದರೂ ಕಾಣದೆ ಹೆಡ್ಡಿಗೆ ಪಾನಾ ಹಾಕುವುದು ಅವಸರವೆಂದೇ ಹೇಳಬೇಕು. ಬಿಚ್ಚಿದ ಮೇಲಂತೂ ಹೆಡ್ಡಿನ ಮೇಲೆ ನೇರವಾದ ಉಕ್ಕಿನ ಪಟ್ಟಿಯಿಟ್ಟು ಸಂದನ್ನು ಅಳೆದು, ಬಾಗಿದ್ದರೆ ಲೇತ್ ಅಂಗಡಿಗೆ ಕಳುಹಿಸಿ ಉಜ್ಜಿಸಿ, ನಡುವಿನ ಬೋಲ್ಟಿನಿಂದ ಅಂಚಿನತ್ತ ಹಂತಹಂತವಾಗಿ ಬಿಗಿಯದಿದ್ದರೆ ಹೊಸ ಪ್ಯಾಕಿಂಗೂ ಹೆಚ್ಚು ದಿನ ಬಾಳುವುದಿಲ್ಲ.

ಕಾದುದರಿಂದ ನಿಂತಿತು ಎಂದು ದೂರಲಾಗುವ ಎಲ್ಲ ಕಾರುಗಳಲ್ಲಿಯೂ ತಪ್ಪು ನೀರಿನದಲ್ಲ. ಅಂಬಾಸಿಡರ್, ಪದ್ಮಿನಿಗಳ ಯಾಂತ್ರಿಕ ಪೆಟ್ರೋಲ್ ಪಂಪು ಎಂಜಿನ್ನಿನ ಪಕ್ಕಕ್ಕೇ ಅಂಟಿಕೊಂಡಿದ್ದು, ಬಿಸಿಲಿನಲ್ಲಿ ಅದರೊಳಗಿನ ಪೆಟ್ರೋಲ್ ಆವಿಯಾಗಿ ಹರಿವು ಕಡಿದಾಗ ಎಂಜಿನ್ ಬಿಕ್ಕಳಿಸಿ ನಿಲ್ಲುತ್ತದೆ. ಇದಕ್ಕೆ ವೇಪರ್ ಲಾಕ್ ಎನ್ನುತ್ತಾರೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಸ್ವಲ್ಪ ಹೊತ್ತು ಕಾದು ಹೊರಡುವುದು ಹಳೆಯ ಟ್ಯಾಕ್ಸಿ ಚಾಲಕರಿಗೆ ಕರಗತವಾಗಿದ್ದ ಉಪಾಯ. ಬಿಸಿ ತೋರಿಸುವ ಮೀಟರಿನ ಮುಳ್ಳೂ ಸದಾ ನಂಬಿಕೆಗೆ ಅರ್ಹವಲ್ಲ: ನೀರು ತೀರಾ ಇಳಿದು ಸೆನ್ಸರು ಬರಿಯ ಗಾಳಿಯಲ್ಲಿ ನಿಂತಾಗ, ಎಂಜಿನ್ ಸುಡುತ್ತಿದ್ದರೂ ಮುಳ್ಳು ತಣ್ಣಗಿದೆ ಎಂದೇ ತೋರಿಸಬಹುದು.

ಈ ವಿದ್ಯೆಯಲ್ಲಿ ಕೆಟ್ಟ ರೂಢಿಗಳೂ ಇಲ್ಲದಿಲ್ಲ. ಕಾರು ಕಾಯುತ್ತದೆ ಎಂದೊಡನೆ ಥರ್ಮೋಸ್ಟಾಟನ್ನು ಕಿತ್ತೆಸೆಯುವ ಪದ್ಧತಿ ಅನೇಕ ಗ್ಯಾರೇಜುಗಳಲ್ಲಿ ನೆಲೆಯೂರಿದೆ. ಇದರಿಂದ ಎಂಜಿನ್ ತನ್ನ ಹದವಾದ ಬಿಸಿಗೆ ಬರಲು ತಡವಾಗಿ ಪೆಟ್ರೋಲ್ ಹೆಚ್ಚು ಉರಿಯುತ್ತದೆ, ಆಯಿಲ್ ಬೇಗ ಕೆಡುತ್ತದೆ, ಸಿಲಿಂಡರುಗಳು ಬೇಗ ಸವೆಯುತ್ತವೆ. ಮೂಲ ದೋಷವಂತೂ ಇದ್ದಲ್ಲಿಯೇ ಇರುತ್ತದೆ. ಆದರೆ ಇದರ ಹೊಣೆಯನ್ನು ಮಿಸ್ತ್ರಿಯೊಬ್ಬನ ಮೇಲೆಯೇ ಹೊರಿಸುವುದು ನ್ಯಾಯವಲ್ಲ. ಗಿರಾಕಿ ಬದಲಾಯಿಸಿದ ಸಾಮಾನಿಗೆ ದುಡ್ಡು ಕೊಡುತ್ತಾನೆಯೇ ಹೊರತು ದೋಷ ಹುಡುಕಲು ಹಿಡಿದ ಎರಡು ತಾಸಿಗೆ ಕೊಡುವುದಿಲ್ಲ, ಹೀಗಾಗಿ ಹುಡುಕುವುದಕ್ಕಿಂತ ಬದಲಾಯಿಸುವುದೇ ಹೊಟ್ಟೆಪಾಡಿಗೆ ಅನುಕೂಲವಾಗಿ ಪರಿಣಮಿಸಿದೆ.

ಮಾರುತಿ 800 ಮತ್ತು ಅಂಬಾಸಿಡರ್ ಎರಡರ ತಯಾರಿಕೆಯೂ 2014ರಲ್ಲಿ ನಿಂತಿತು. ಖಾಸಗಿ ಕಾರಿನ ಮೊದಲ ನೋಂದಣಿ 15 ವರ್ಷಗಳದ್ದಾಗಿದ್ದು, ಆಮೇಲೆ ತಪಾಸಣೆಗೆ ಒಳಪಡಿಸಿ ಐದೈದು ವರ್ಷಕ್ಕೆ ನವೀಕರಿಸಬೇಕಾಗುವುದರಿಂದ, ಕೊನೆಯದಾಗಿ ಹೊರಬಂದ ಗಾಡಿಗಳೂ 2029ರ ಸುಮಾರಿಗೆ ಆ ಹಂತ ತಲುಪುತ್ತವೆ. ಅಲ್ಲಿಯವರೆಗೂ ಆಮೇಲೂ ಇವುಗಳನ್ನು ಓಡಿಸುವವರು ರೇಡಿಯೇಟರಿಗೆ ಬೋರಿನ ನೀರನ್ನು ಸುರಿಯುವುದನ್ನು ಬಿಟ್ಟು, ಡಿಸ್ಟಿಲ್ಡ್ ವಾಟರ್ ಇಲ್ಲವೇ ಊರಿನ ಶುದ್ಧ ನೀರಿನ ಘಟಕದ ನೀರಿನೊಂದಿಗೆ ಕೂಲಂಟ್ ಬೆರೆಸಿ ಹಾಕಬೇಕು. ದಾರಿಯಲ್ಲಿ ಹಬೆ ಕಂಡರೆ ಗಾಡಿಯನ್ನು ಬದಿಗೆ ನಿಲ್ಲಿಸಿ, ಕನಿಷ್ಠ ಅರ್ಧ ಗಂಟೆ ಮುಚ್ಚಳ ಮುಟ್ಟದೆ ಕಾಯಬೇಕು. ಗ್ಯಾರೇಜಿಗೆ ಹೋದಾಗ, ಏನನ್ನೂ ಬದಲಾಯಿಸದೆ ದೋಷವನ್ನಷ್ಟೇ ಹುಡುಕಿಕೊಟ್ಟ ಮಿಸ್ತ್ರಿಗೂ ಅವನ ಕೂಲಿಯನ್ನು ಪೂರ್ತಿಯಾಗಿ ಕೊಡಬೇಕು.