ಮೌನವಾದವರ ಪರವಾಗಿ: ಅಸಹಜ ಮರಣದ ತನಿಖೆ ಮತ್ತು ನಮ್ಮ ಹೊಣೆ

ಮರಣವನ್ನು ಅಂಜಿಕೆಯಿಂದಲ್ಲ, ಸಮಚಿತ್ತದಿಂದ ಎದುರುಗೊಳ್ಳಬೇಕೆಂದು ಕಲಿಸಿದ್ದು ಶರಣ ಪರಂಪರೆ. ತುಂಬು ಬಾಳು ಬಾಳಿ, ಮಕ್ಕಳು ಮೊಮ್ಮಕ್ಕಳ ನಡುವೆ ಲಿಂಗೈಕ್ಯರಾದವರ ಮನೆಯಲ್ಲಿ ದುಃಖವಿದ್ದರೂ ಗೊಂದಲವಿರುವುದಿಲ್ಲ. ಆದರೆ ಎಲ್ಲ ಮರಣಗಳೂ ಹಾಗೆ ಬರುವುದಿಲ್ಲ. ಹಿಪ್ಪುನೇರಳೆ ಸೊಪ್ಪು ಕೊಯ್ಯಲು ಹೋದವರು ತೋಟದಲ್ಲಿಯೇ ಬಿದ್ದಿರುತ್ತಾರೆ. ಈಜಲು ಇಳಿದ ಹುಡುಗರು ಮಂಚನಬೆಲೆಯ ನೀರಿನಿಂದಲೋ ಸಂಗಮದ ಮಡುವಿನಿಂದಲೋ ಮೇಲೇಳುವುದಿಲ್ಲ. ಹೆದ್ದಾರಿಯಲ್ಲಿ ಹೋದವರು ಮನೆಗೆ ಮರಳುವುದಿಲ್ಲ. ಅಂಥ ಮನೆಯಂಗಳದಲ್ಲಿ ಮೊದಲು ಕೇಳಿಬರುವ ಮಾತು, ‘ಮಣ್ಣು ಎಷ್ಟು ಹೊತ್ತಿಗೆ?’ ಎಂಬುದು. ಅದಕ್ಕೂ ಮೊದಲು ಕೇಳಬೇಕಾದ ಮಾತೊಂದಿದೆ: ‘ಸಾವು ಹೇಗಾಯಿತು?’

ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಕಾಯಕವಾಗಿರುವ ಅಧಿಕಾರಿಗಳು ಕೆಲವು ದೇಶಗಳಲ್ಲಿದ್ದಾರೆ. ಇಂಗ್ಲೆಂಡಿನಲ್ಲಿ 1194ರಷ್ಟು ಹಿಂದೆಯೇ ಆರಂಭವಾದ ಈ ಹುದ್ದೆಗೆ ‘ಕರೋನರ್’ ಎಂದು ಹೆಸರು. ಬ್ರಿಟಿಷರು 1871ರ ಕಾಯಿದೆಯ ಮೂಲಕ ಕಲ್ಕತ್ತಾ ಮತ್ತು ಮುಂಬಯಿ ನಗರಗಳಲ್ಲಿ ಈ ವ್ಯವಸ್ಥೆಯನ್ನು ನೆಲೆಗೊಳಿಸಿದ್ದರು. ಮುಂಬಯಿಯಲ್ಲಿಯೂ 1999ರಲ್ಲಿ ಅದು ರದ್ದಾಯಿತು. ನಮ್ಮ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯಲ್ಲಿ ಅಂಥ ಪ್ರತ್ಯೇಕ ಅಧಿಕಾರಿಯಿಲ್ಲ. ಇಲ್ಲಿ ಆ ಹೊಣೆಯನ್ನು ಪೊಲೀಸರು, ತಹಶೀಲ್ದಾರರು, ಸರ್ಕಾರಿ ವೈದ್ಯರು ಮತ್ತು ಊರಿನ ಪಂಚರು ಹಂಚಿಕೊಂಡು ಹೊರುತ್ತಾರೆ. ಪಂಚರೆಂದರೆ ಬೇರಾರೂ ಅಲ್ಲ, ಈ ಪುಟವನ್ನು ಓದುತ್ತಿರುವ ನಾವು ನೀವುಗಳೇ.

ಕಾನೂನು ಹೇಳುವುದೇನು?

ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 174ನೇ ಕಲಮಿನಲ್ಲಿದ್ದ ವಿಧಿ, 2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 194ನೇ ಕಲಮಿನಲ್ಲಿದೆ. ಆತ್ಮಹತ್ಯೆ, ಕೊಲೆ, ಪ್ರಾಣಿಯಿಂದ, ಯಂತ್ರದಿಂದ ಅಥವಾ ಅಪಘಾತದಿಂದ ಆದ ಸಾವು, ಸಂಶಯಕ್ಕೆ ಎಡೆಮಾಡುವ ಸಾವು, ಇವೆಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಇವುಗಳನ್ನೇ ಠಾಣೆಯಲ್ಲಿ ‘ಯುಡಿಆರ್ ಕೇಸು’ ಎನ್ನುತ್ತಾರೆ. ಸುದ್ದಿ ತಿಳಿದ ಪೊಲೀಸ್ ಅಧಿಕಾರಿ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ತಿಳಿಸಿ, ಶವವಿರುವ ಸ್ಥಳಕ್ಕೆ ಹೋಗಿ, ನೆರೆಹೊರೆಯ ಇಬ್ಬರು ಅಥವಾ ಹೆಚ್ಚು ಗೌರವಾನ್ವಿತರ ಸಮ್ಮುಖದಲ್ಲಿ ಮಹಜರು ಬರೆಯಬೇಕು. ಗಾಯ, ಮೂಳೆಮುರಿತ, ತರಚು, ಕಂದಿದ ಗುರುತು, ಎಲ್ಲವನ್ನೂ ಅದರಲ್ಲಿ ವಿವರಿಸಬೇಕು. ವರದಿಯನ್ನು 24 ಗಂಟೆಯೊಳಗೆ ಜಿಲ್ಲಾ ಅಥವಾ ಉಪವಿಭಾಗ ದಂಡಾಧಿಕಾರಿಗೆ ಕಳುಹಿಸಬೇಕು.

ಇಲ್ಲಿ ಅನೇಕರಿಗೆ ತಿಳಿಯದ ಸಂಗತಿಯೊಂದಿದೆ. ಬರೆದುದನ್ನು ಒಪ್ಪಿದ ಪಂಚರು ಮಾತ್ರ ಸಹಿ ಮಾಡಬೇಕೆಂಬುದು ಕಾನೂನಿನ ಆಶಯ. ಒಪ್ಪದವರು ಸಹಿ ಹಾಕಬೇಕಾಗಿಲ್ಲ.

ಮದುವೆಯಾಗಿ 7 ವರ್ಷದೊಳಗೆ ಹೆಣ್ಣುಮಗಳು ಆತ್ಮಹತ್ಯೆ ಮಾಡಿಕೊಂಡರೆ ಅಥವಾ ಸಂಶಯಾಸ್ಪದವಾಗಿ ತೀರಿಕೊಂಡರೆ ದಂಡಾಧಿಕಾರಿಯ ತನಿಖೆ ನಡೆಯುತ್ತದೆ. ತಾಲ್ಲೂಕುಗಳಲ್ಲಿ ಸಾಮಾನ್ಯವಾಗಿ ತಹಶೀಲ್ದಾರರೇ ಬಂದು ತವರಿನವರ ಮಾತನ್ನೂ ಕೇಳಿ ಬರೆದುಕೊಳ್ಳುತ್ತಾರೆ. ‘ಮರ್ಯಾದೆಯ ಪ್ರಶ್ನೆ’ ಎಂದು ಹಿರಿಯರು ಇದಕ್ಕೆ ಅಡ್ಡಬಂದರೆ ಅದು ಆ ಮಗಳಿಗೆ ಮಾಡುವ ಎರಡನೆಯ ಅನ್ಯಾಯ.

ನಾವು ಓದದೆ ಹಾಕಿದ ಸಹಿ

ಇದನ್ನು ಉಪದೇಶವಾಗಿ ಹೇಳುತ್ತಿಲ್ಲ. ನಾವೂ ತಪ್ಪಿದವರೇ. ಬಹಳ ವರ್ಷಗಳ ಹಿಂದೆ ಕನಕಪುರದ ಕಡೆಯ ಒಂದು ಹಳ್ಳಿಯಲ್ಲಿ ರೈತರೊಬ್ಬರು ಹೊಲದ ಬದುವಿನ ಮೇಲೆ ತೀರಿಕೊಂಡಿದ್ದರು. ‘ಎದೆನೋವು ಅಂತಿದ್ದ’ ಎಂದು ಯಾರೋ ಅಂದರು. ಶವವನ್ನು ಕೊಯ್ಯುವುದು ಬೇಡವೆಂದು ಮನೆಯ ಹಿರಿಯರು ಬರೆದುಕೊಟ್ಟರು. ಬಿಸಿಲು ಏರುತ್ತಿತ್ತು, ಸಮಾಧಿಗೆ ಗುಂಡಿ ತೆಗೆದಾಗಿತ್ತು. ‘ಮೈಮೇಲೆ ಯಾವುದೇ ಗಾಯಗಳಿರುವುದಿಲ್ಲ’ ಎಂದು ಬರೆದ ಹಾಳೆಗೆ ನಾವು ನಿಂತಲ್ಲಿಯೇ ಸಹಿ ಹಾಕಿದೆವು. ಹೊದಿಸಿದ್ದ ಬಟ್ಟೆಯನ್ನು ಸರಿಸಿ ನೋಡಲಿಲ್ಲ.

ಮೈತೊಳೆದ ಅಜ್ಜಿಯೊಬ್ಬರು ಆಮೇಲೆ ಹೇಳಿದರು: ‘ಎಡಗಾಲು ಬಾತಿತ್ತು ಕಣಪ್ಪ, ಹಿಮ್ಮಡಿ ಮೇಲೆ ಎರಡು ಚುಕ್ಕಿ ಇತ್ತು.’ ಅದು ಕೊಳಕುಮಂಡಲದ ಕಡಿತವಿದ್ದಿರಬಹುದು. ಹಾವು ಕಡಿದು ಸತ್ತ ರೈತರ ಕುಟುಂಬಕ್ಕೆ ಸರ್ಕಾರದಿಂದ ಪರಿಹಾರವುಂಟು. ಆದರೆ ಅದಕ್ಕೆ ದಾಖಲೆ ಬೇಕು. ನಮ್ಮ ಸಹಿಯುಳ್ಳ ಕಾಗದದಲ್ಲಿ ಗಾಯವೇ ಇರಲಿಲ್ಲ. ಆ ತಾಯಿ ಎರಡು ವರ್ಷ ಕಚೇರಿಗಳಿಗೆ ಅಲೆದು ಸುಮ್ಮನಾದರು. ಎದುರಿಗೆ ಸಿಕ್ಕಾಗ ಇಂದಿಗೂ ‘ಶರಣು’ ಎನ್ನುತ್ತಾರೆ. ತಿರುಗಿ ಶರಣೆನ್ನುವಾಗ ನಮ್ಮ ಕೊರಳು ಕಟ್ಟುತ್ತದೆ.

ಶವಾಗಾರದೊಳಗೆ

ರಾಮನಗರದ ಜಿಲ್ಲಾ ಆಸ್ಪತ್ರೆ ಹಾಗೂ ತಾಲ್ಲೂಕು ಆಸ್ಪತ್ರೆಗಳ ಶವಾಗಾರಗಳಲ್ಲಿ ಕೆಲಸ ಮಾಡುವವರನ್ನು ಸಮಾಜ ದೂರವಿಟ್ಟೇ ನೋಡುತ್ತದೆ. ಬೆಳಗಿನಿಂದ ಹೊರರೋಗಿಗಳನ್ನು ನೋಡಿದ ವೈದ್ಯರೇ ಎಷ್ಟೋ ಕಡೆ ಆ ಬಾಗಿಲನ್ನೂ ದಾಟುತ್ತಾರೆ. ಪಕ್ಕದಲ್ಲಿ ನಿಲ್ಲುವ ಸಹಾಯಕರು ಶವವನ್ನು ಎತ್ತಿ, ತೊಳೆದು, ಕೊನೆಗೆ ಹೊಲಿದು ಕೊಡುತ್ತಾರೆ. ಕಾಯಕದಲ್ಲಿ ಮೇಲುಕೀಳಿಲ್ಲವೆಂದು ನಂಬಿದವರು ಮೊದಲು ಗೌರವಿಸಬೇಕಾದ ಕಾಯಕವಿದು.

ವೈದ್ಯರು ಮೊದಲು ಹೊರಮೈಯನ್ನು ಪರೀಕ್ಷಿಸಿ, ಅನಂತರ ತಲೆ, ಎದೆ, ಹೊಟ್ಟೆಯ ಒಳಭಾಗಗಳನ್ನು ನೋಡುತ್ತಾರೆ. ದೇಹ ಸೆಟೆದಿರುವ ಪ್ರಮಾಣ, ರಕ್ತ ಇಳಿದು ಚರ್ಮ ಕಂದಿದ ಜಾಗ, ಇವು ಸಾವಿನ ಹೊತ್ತನ್ನು ಅಂದಾಜಿಸಲು ನೆರವಾಗುತ್ತವೆ. ನೀರಿನಲ್ಲಿ ಸಿಕ್ಕ ದೇಹವಾದರೆ ಮೂಗು ಬಾಯಿಯ ನೊರೆ, ಮುಷ್ಟಿಯಲ್ಲಿ ಸಿಲುಕಿದ ಪಾಚಿ, ಶ್ವಾಸಕೋಶದ ಸ್ಥಿತಿ, ಇವುಗಳಿಂದ ‘ಮುಳುಗಿ ಸತ್ತದ್ದೋ, ಸತ್ತ ಮೇಲೆ ನೀರಿಗೆ ಬಿದ್ದದ್ದೋ’ ಎಂಬುದು ಬಹುಮಟ್ಟಿಗೆ ತಿಳಿಯುತ್ತದೆ. ವಿಷದ ಸಂಶಯವಿದ್ದರೆ ಜಠರ, ಯಕೃತ್ತು, ಮೂತ್ರಪಿಂಡ ಮುಂತಾದವುಗಳ ಭಾಗಗಳನ್ನು ಸಾಮಾನ್ಯವಾಗಿ ಗಟ್ಟಿ ಉಪ್ಪುನೀರಿನಲ್ಲಿಟ್ಟು, ಮೊಹರು ಮಾಡಿ, ವಿಧಿವಿಜ್ಞಾನ ಪ್ರಯೋಗಾಲಯಕ್ಕೆ ಕಳುಹಿಸುತ್ತಾರೆ. ಅಲ್ಲಿಂದ ವರದಿ ಬರಲು ತಿಂಗಳುಗಳೇ ಹಿಡಿಯಬಹುದು. ಅಲ್ಲಿಯವರೆಗೆ ವೈದ್ಯರು ಅಂತಿಮ ಅಭಿಪ್ರಾಯವನ್ನು ಕಾಯ್ದಿರಿಸುತ್ತಾರೆ. ಅದು ವಿಳಂಬವಲ್ಲ, ಎಚ್ಚರ.

ಬದುಕಿರುವವರಿಗೆ ಔಷಧ

ಆರೋಗ್ಯದ ಪುಟದಲ್ಲಿ ಸಾವಿನ ಮಾತೇಕೆ ಎಂದು ಕೆಲವರಿಗೆ ಅನಿಸಬಹುದು. ಸಾವಿನ ಕಾರಣ ಸರಿಯಾಗಿ ದಾಖಲಾದರೆ ಮಾತ್ರ ಮುಂದಿನ ಸಾವನ್ನು ತಡೆಯಬಹುದು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಅಪಘಾತಗಳು ಹೆಚ್ಚಿದ ಬಳಿಕ, 2023ರ ಆಗಸ್ಟ್ 1ರಿಂದ ಮುಖ್ಯಪಥದಲ್ಲಿ ದ್ವಿಚಕ್ರ ವಾಹನ, ಆಟೊ, ಟ್ರ್ಯಾಕ್ಟರುಗಳನ್ನು ನಿಷೇಧಿಸಲಾಯಿತು. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣವೆಂದು ಘೋಷಿಸಿತು. ಕಟ್ಟುಹಾವಿನ ಕಡಿತದ ಗುರುತು ಕಣ್ಣಿಗೆ ಕಾಣದೆಯೂ ಇರಬಹುದು. ನೆಲದ ಮೇಲೆ ಮಲಗಿದ್ದವರು ನಡುರಾತ್ರಿ ಹೊಟ್ಟೆನೋವೆಂದು ಎದ್ದು, ರೆಪ್ಪೆ ಜೋತುಬಿದ್ದು, ಉಸಿರು ಕಟ್ಟಿ ಸಾಯುತ್ತಾರೆ. ಅದನ್ನು ‘ಹೊಟ್ಟೆನೋವು’ ಎಂದು ಬರೆದು ಮುಗಿಸಿದರೆ, ಆ ಬೀದಿಯವರು ಮಂಚದ ಮೇಲೆ ಸೊಳ್ಳೆಪರದೆ ಕಟ್ಟಿ ಮಲಗುವ ಎಚ್ಚರವನ್ನು ಕಲಿಯುವುದೇ ಇಲ್ಲ.

ನಮ್ಮ ಸಂಪ್ರದಾಯಕ್ಕೆ ಅಡ್ಡಿಯೇ?

ಶವಪರೀಕ್ಷೆಯಾದರೆ ಕ್ರಿಯಾಸಮಾಧಿಗೆ ಕುಂದೆಂಬ ಅಳುಕು ಹಲವರಲ್ಲಿದೆ. ಆ ಅಳುಕು ಬೇಡ. ಪರೀಕ್ಷೆಯ ಬಳಿಕ ದೇಹವನ್ನು ಹೊಲಿದು ಒಪ್ಪಿಸುತ್ತಾರೆ. ಸ್ನಾನ, ವಿಭೂತಿಧಾರಣೆ, ಕುಳ್ಳಿರಿಸಿ ಸಮಾಧಿ ಮಾಡುವುದು, ಯಾವುದಕ್ಕೂ ತಡೆಯಿಲ್ಲ. ಹೂಳಿದ ಮೇಲೆ ಸಂಶಯವೆದ್ದರೆ ದಂಡಾಧಿಕಾರಿ ಶವವನ್ನು ಹೊರತೆಗೆಸಿ ಪರೀಕ್ಷೆ ಮಾಡಿಸಬಹುದು. ಸಮಾಧಿಯನ್ನು ಮತ್ತೆ ಅಗೆಯುವ ಆ ನೋವಿಗಿಂತ ಮೊದಲ ದಿನದ ಕೆಲವು ಗಂಟೆಗಳ ತಾಳ್ಮೆ ಲೇಸಲ್ಲವೇ? ಸೌಕರ್ಯವಿರುವ ಆಸ್ಪತ್ರೆಗಳಲ್ಲಿ ಸೂರ್ಯಾಸ್ತದ ನಂತರವೂ ಶವಪರೀಕ್ಷೆ ನಡೆಸಲು ಕೇಂದ್ರ ಸರ್ಕಾರ 2021ರ ನವೆಂಬರಿನಲ್ಲಿ ಅನುಮತಿಸಿದೆ. ಕೊಲೆ, ಆತ್ಮಹತ್ಯೆ, ಸಂಶಯಾಸ್ಪದ ಸಾವುಗಳಂಥ ಪ್ರಕರಣಗಳಿಗೆ ಮಾತ್ರ ಸಾಮಾನ್ಯವಾಗಿ ಹಗಲಿನವರೆಗೆ ಕಾಯಬೇಕು.

ಸದ್ಭಕ್ತರು ನೆನಪಿಡಬೇಕಾದುವು

1. ಉಸಿರಿದೆಯೋ ಇಲ್ಲವೋ ಎಂಬ ಅನುಮಾನವಿದ್ದರೆ ಮೊದಲು 108ಕ್ಕೆ ಕರೆ ಮಾಡಿರಿ. ಸಾವನ್ನು ನಿಶ್ಚಯಿಸುವುದು ವೈದ್ಯರ ಕೆಲಸ.

2. ಅಸಹಜ ಸಾವಾದರೆ ಪೊಲೀಸರಿಗೆ ತಿಳಿಸಿರಿ. ಅವರು ಬರುವವರೆಗೆ ದೇಹವನ್ನು ತೊಳೆಯಬೇಡಿರಿ, ಬಟ್ಟೆ ಬದಲಿಸಬೇಡಿರಿ. ಹತ್ತಿರವಿರುವ ಔಷಧದ ಬಾಟಲಿ, ಹಗ್ಗ, ಲೋಟ, ಚೀಟಿಗಳನ್ನು ಮುಟ್ಟಬೇಡಿರಿ.

3. ಮೈಮೇಲಿನ ಒಡವೆ, ಇಷ್ಟಲಿಂಗ, ಕರಡಿಗೆಗಳನ್ನು ಮಹಜರಿನಲ್ಲಿ ಬರೆಸಿ ಕುಟುಂಬದ ವಶಕ್ಕೆ ಕೊಡುವಂತೆ ವಿನಂತಿಸಿರಿ.

4. ಪಂಚರಾಗಿ ಕರೆದರೆ ಹಿಂಜರಿಯಬೇಡಿರಿ. ಕಣ್ಣಾರೆ ನೋಡಿ, ಓದಿಸಿ ಕೇಳಿ, ಒಪ್ಪಿಗೆಯಾದರೆ ಸಹಿ ಮಾಡಿರಿ.

5. ಮರಣವನ್ನು 21 ದಿನಗಳೊಳಗೆ ನೋಂದಾಯಿಸಿರಿ. ಆ ಅವಧಿಯಲ್ಲಿ ಶುಲ್ಕವಿಲ್ಲ.

6. ಬದುಕು ಬೇಡವೆನ್ನುವ ಮಾತು ಮನೆಯಲ್ಲಿ ಯಾರ ಬಾಯಿಂದ ಬಂದರೂ ಹಗುರವಾಗಿ ಕಾಣಬೇಡಿರಿ. ಟೆಲಿಮನಸ್ ಸಹಾಯವಾಣಿ 14416 ಹಗಲಿರುಳು ಉಚಿತವಾಗಿ ದೊರೆಯುತ್ತದೆ.

ಸತ್ತವರಿಗೆ ನಾವು ಹೂವು ಕೊಡುತ್ತೇವೆ, ವಿಭೂತಿ ಕೊಡುತ್ತೇವೆ, ಮಣ್ಣು ಕೊಡುತ್ತೇವೆ. ಅವರಿಗೆ ಸಲ್ಲಬೇಕಾದ ಇನ್ನೊಂದು ಕಾಣಿಕೆ ಸತ್ಯ. ಮುಂದೆ ಯಾರಾದರೂ ನಮ್ಮನ್ನು ಪಂಚರಾಗಿ ಕರೆದರೆ, ಹೊದಿಸಿದ ಬಟ್ಟೆಯನ್ನು ಸರಿಸಿ ನೋಡಿಯೇ ಸಹಿ ಮಾಡುವೆವು. ಭಕ್ತರೂ ಹಾಗೆಯೇ ನಡೆಯಲೆಂಬುದು ನಮ್ಮ ಪ್ರಾರ್ಥನೆ.

ಶರಣು ಶರಣಾರ್ಥಿ.