ಹೆಂಚಿನ ಸಾಲು ಕಲಿಸುವ ಪಾಠ

ಮಂಗಳೂರಿನ ಯಾವುದಾದರೊಂದು ದಿಣ್ಣೆಯ ಮೇಲೆ ನಿಂತು ಕೆಳಗೆ ನೋಡಿರಿ. ಹೊಸ ಕಟ್ಟಡಗಳ ನಡುವೆ ಉಳಿದಿರುವ ಹೆಂಚಿನ ಮಾಡುಗಳಲ್ಲಿ ಗೆರೆಗೆ ಗೆರೆ ಹೊಂದಿದ ಕೆಂಪು ವಿನ್ಯಾಸ ಕಾಣುತ್ತದೆ. ಕಿಟಕಿಯ ಸರಳುಗಳಲ್ಲಿ, ಅಂಗಳದ ರಂಗೋಲಿಯಲ್ಲಿ, ಇಗರ್ಜಿಯ ನೆಲದ ಚೌಕಗಳಲ್ಲಿ ಇದೇ ಕ್ರಮವಿದೆ. ದಿನವೂ ಎದುರಿಗಿರುವುದರಿಂದಲೇ ನಾವು ಅದನ್ನು ಗಮನಿಸುವುದಿಲ್ಲ.

ಸಂತ ಅಗಸ್ಟೀನರು ಕ್ರಿ.ಶ. 386ರಲ್ಲಿ ರಚಿಸಿದ, ಕ್ರಮವನ್ನು ಕುರಿತ ಸಂವಾದಗ್ರಂಥದಲ್ಲಿ ಇಂಥ ನೆಲವೊಂದರ ದೃಷ್ಟಾಂತವಿದೆ. ಬಣ್ಣದ ಕಲ್ಲುಚೂರುಗಳನ್ನು ಜೋಡಿಸಿದ ನೆಲದಲ್ಲಿ ಒಂದೇ ಚೂರನ್ನು ದಿಟ್ಟಿಸುವವನು, ಸಮಗ್ರ ಚಿತ್ರವನ್ನು ಕಾಣಲಾರದೆ ಕೆಲಸಗಾರನನ್ನೇ ದೂರುತ್ತಾನೆ. ದೈವಸಂಕಲ್ಪವನ್ನು ದೂರುವವರ ಸ್ಥಿತಿಯೂ ಹೀಗೆಯೇ ಎಂಬುದು ಅವರ ಅಭಿಪ್ರಾಯ.

ಸೆಮಿನರಿಯಲ್ಲಿ ಓದಿದಾಗ ಈ ಮಾತನ್ನು ಸುಲಭವಾಗಿ ಒಪ್ಪಿದ್ದೆ. ಆದರೆ ಮಗನನ್ನು ಮಣ್ಣು ಮಾಡಿ ಬಂದ ತಾಯಿಯೊಬ್ಬರ ಮುಂದೆ ಕುಳಿತಾಗ ಅದನ್ನು ಹೇಳಲು ನಾಲಿಗೆ ಏಳಲಿಲ್ಲ. ಅವರ ಕೈಯಲ್ಲಿದ್ದುದು ಆ ಒಂದು ಚೂರು ಮಾತ್ರ.

ಆಗ ನೆನಪಾದುದು ಮಾಡಿನ ಹೆಂಚು. 1865ರಲ್ಲಿ ಬಾಸೆಲ್ ಮಿಶನ್ ಇಲ್ಲಿ ಕಾರ್ಖಾನೆ ತೆರೆದ ಮೇಲೆ ಹೆಸರಾದ ಮಂಗಳೂರು ಹೆಂಚು ಒಂಟಿಯಾಗಿ ಮಳೆಯನ್ನು ತಡೆಯಲಾರದು. ಒಂದರ ಅಂಚಿಗೆ ಮತ್ತೊಂದರ ಅಂಚು ಕಚ್ಚಿಕೊಂಡಾಗಲೇ ಅದು ಮಾಡಾಗುತ್ತದೆ. ಒಂದು ಸರಿದರೂ ಮನೆಯೊಳಗೆ ನೀರು.

ಪ್ರಿಯ ಬಂಧುಗಳೇ, ಸಮಗ್ರ ವಿನ್ಯಾಸವನ್ನು ಬಲ್ಲವನು ದೇವರು. ನಮಗೆ ಒಪ್ಪಿಸಿದ ಕೆಲಸ ಕಿರಿದು: ದುಃಖದಲ್ಲಿರುವ ನೆರೆಯವರ ಪಕ್ಕದಲ್ಲಿ ಸರಿಯದೆ ನಿಲ್ಲುವುದು. ಈ ಭಾನುವಾರ ಪೂಜೆ ಮುಗಿಸಿ ಮರಳುವಾಗ ಅಂಥ ಒಂದು ಮನೆಯ ಬಾಗಿಲನ್ನು ತಟ್ಟಿರಿ.