ಅಟ್ಟಣೆಗೆ ಮರವನ್ನಾರಿಸುವುದು

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿಗಳ ಕಡೆ ಹುಟ್ಟಿದವರಿಗೆ ಮರವೆಂದರೆ ಮೊದಲು ನೆನಪಾಗುವುದು ತೆಂಗು. ಮನೆಯ ತೊಲೆ, ಚಪ್ಪರದ ಸೋಗೆ, ಮಾರುಕಟ್ಟೆಗೆ ಹೋಗುವ ಕೊಬ್ಬರಿ ಎಲ್ಲವನ್ನೂ ಕೊಡುವ ಈ ಕಲ್ಪವೃಕ್ಷ ಒಂದು ಕೆಲಸಕ್ಕೆ ಮಾತ್ರ ಒದಗದು. ಅದರ ಮೇಲೆ ಅಟ್ಟಣೆ ಕಟ್ಟಲಾಗದು. ಕೊಂಬೆಯಿಲ್ಲ, ಗಾಳಿಗೆ ತೂಗುತ್ತದೆ, ಒಣಗರಿಯೋ ಕಾಯಿಯೋ ಯಾವಾಗ ತಲೆಯ ಮೇಲೆ ಬೀಳುವುದೋ ಹೇಳಬರುವುದಿಲ್ಲ.

ಅಟ್ಟಣೆಯನ್ನೇ ಶಿಕಾರಿಯವರು ಮಚಾನು ಎನ್ನುವರು. 1954ರಲ್ಲಿ ಪ್ರಕಟವಾದ ಕೆನೆತ್ ಆಂಡರ್ಸನ್ನರ ಮೊದಲ ಪುಸ್ತಕದಲ್ಲಿ ನಮ್ಮ ನೆರೆಯ ಹೊಸದುರ್ಗ, ಹೊಳಲ್ಕೆರೆ ಸೀಮೆಯ ನರಭಕ್ಷಕ ಹುಲಿಯ ಕಥೆಯೂ ಉಂಟು. ಪೂರ್ಣಚಂದ್ರ ತೇಜಸ್ವಿಯವರು ಆಂಡರ್ಸನ್ನರ ಕಥೆಗಳನ್ನು ಕನ್ನಡಕ್ಕೆ ತಂದುದರಿಂದ ಮಚಾನಿನ ಹೆಸರು ನಮ್ಮಲ್ಲಿ ಅನೇಕರಿಗೆ ಪರಿಚಿತ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ತರುವಾಯ ವಿನೋದದ ಶಿಕಾರಿ ನಿಂತಿತು. ಆದರೆ ರಾಗಿ, ಕಡಲೆಕಾಯಿಗಳನ್ನು ಹಂದಿಯಿಂದ ಕಾಯುವ ರೈತನಿಗೆ ಅಟ್ಟಣೆ ಇಂದಿಗೂ ಬೇಕು.

ಹಾಗಾದರೆ ಎಂಥ ಮರವನ್ನು ಆರಿಸಬೇಕು? ನಮ್ಮೂರ ಹಿರಿಯರಿಂದ ನಾನು ತಿಳಿದದ್ದು ಇಷ್ಟು. ಹುಣಸೆ ಉತ್ತಮ, ಕೊಂಬೆ ಗಟ್ಟಿ, ನೆರಳು ದಟ್ಟ. ನುಗ್ಗೆಯ ಕೊಂಬೆ ಪಟ್ಟನೆ ಮುರಿಯುತ್ತದೆ. ಮಾವಿನಲ್ಲಿ ಚಿಗಳಿಯ ಗೂಡಿದೆಯೇ ಎಂದು ಮೊದಲು ನೋಡಬೇಕು. ಆಲದ ಹಣ್ಣಿನ ಕಾಲದಲ್ಲಿ ಬಾವಲಿಗಳ ಗಲಾಟೆಯಲ್ಲಿ ಬೇರೆ ಸದ್ದು ಕೇಳಿಸದು. ಹನ್ನೆರಡು ಹದಿನೈದು ಅಡಿ ಎತ್ತರ ಸಾಕು. ಎತ್ತರದಲ್ಲಿದ್ದೇವೆಂದು ಚಿರತೆಯನ್ನು ಮರೆಯಬಾರದು, ಅದು ಮರವೇರಬಲ್ಲದು. ಆದ್ದರಿಂದ ಬುಡಕ್ಕೆ ಮುಳ್ಳು ಕಟ್ಟುವುದು ಒಳ್ಳೆಯದು. ನಿದ್ದೆಯಲ್ಲಿ ಉರುಳದಂತೆ ಸುತ್ತ ಅಡ್ಡಗಳು ಬೇಕು. ತಕ್ಕ ಮರವಿಲ್ಲದಿದ್ದರೆ ನಾಲ್ಕು ಕಂಬ ನೆಟ್ಟುಕೊಳ್ಳಬೇಕೇ ಹೊರತು ಕೆಟ್ಟ ಮರವನ್ನು ನಂಬಬಾರದು.

ಮರದ ಜಾತಿಗಿಂತಲೂ ಮುಖ್ಯವಾದುದು ಗಾಳಿ. ಹಂದಿಯ ಕಣ್ಣು ಮಂದ, ಮೂಗು ಬಹು ಚುರುಕು. ಬೇಟೆಗಾರನು ಪ್ರಾಣಿಯ ಕಡೆಯಿಂದ ತನ್ನತ್ತ ಗಾಳಿ ಬೀಸುವ ಮರವನ್ನು ಹುಡುಕುತ್ತಿದ್ದನು. ಕೊಲ್ಲುವವನಿಗೆ ಅಡಗಿರುವುದೇ ಬಲ. ಹೊಲ ಕಾಯುವವನ ಲೆಕ್ಕ ಇದಕ್ಕೆ ತಿರುಗುಮುರುಗು. ಅವನ ವಾಸನೆ, ಬೀಡಿಯ ಹೊಗೆ, ಕೆಮ್ಮು ಎಲ್ಲವೂ ಹಂದಿಗೆ ಮುಟ್ಟಬೇಕು. ಇಲ್ಲಿ ಮನುಷ್ಯನಿದ್ದಾನೆಂದು ತಿಳಿದು ಅದು ಹಿಂತಿರುಗಬೇಕು. ಮುಂಗಾರಿನಲ್ಲಿ ಪಡುವಲಿಂದ ಬೀಸುವ ಗಾಳಿ ರಾಗಿ ಬಲಿಯುವ ಹೊತ್ತಿಗೆ ಮೂಡಲಿಗೆ ತಿರುಗುತ್ತದೆ. ಆಷಾಢಕ್ಕೆ ಸರಿಯಾದ ಮರ ಕಾರ್ತಿಕಕ್ಕೆ ಸರಿಯಾಗದಿರುವುದು ಇದರಿಂದಲೇ.

ಇಷ್ಟು ರಾತ್ರಿ ಯಾರು ನಿದ್ದೆಗೆಡಬೇಕೆಂದು ಕೆಲವರು ಬೇಲಿಗೆ ನೇರವಾಗಿ ಕರೆಂಟಿನ ತಂತಿ ಎಳೆಯುವುದುಂಟು. ಇದು ಕಾನೂನಿಗೆ ವಿರುದ್ಧ. ಅದಕ್ಕಿಂತ ಮಿಗಿಲಾಗಿ, ತಂತಿಗೆ ಹಂದಿ, ಹಸು, ಮನುಷ್ಯ ಎಂಬ ಭೇದವಿಲ್ಲ. ನಸುಕಿನಲ್ಲಿ ನೀರು ಕಟ್ಟಲು ಹೋದವರು ಪ್ರಾಣ ಕಳೆದುಕೊಂಡ ಸುದ್ದಿಯನ್ನು ನಾವು ಪತ್ರಿಕೆಗಳಲ್ಲಿ ಓದುತ್ತಲೇ ಇದ್ದೇವೆ. ರಜೆಗೆ ಊರಿಗೆ ಹೋಗುವ ಗೆಳೆಯರು ಅಂಥ ತಂತಿಯನ್ನು ಕಂಡರೆ ಬೇಡವೆಂದು ಹೇಳಲಿ. ಹೇಳಿದ ಮೇಲೆ ಒಂದೆರಡು ರಾತ್ರಿ ತಾವೂ ಅಟ್ಟಣೆ ಹತ್ತಿ ಹಿರಿಯರಿಗೆ ನಿದ್ದೆಯ ಬಿಡುವು ಕೊಡಲಿ.